ಡಿಪೋ ಕ್ಯಾಂಟೀನಿನ ಸಂಗೀತ ಕಛೇರಿ

ಅಕ್ಕ, ತಮ್ಮ ಪಿಟೀಲು ನುಡಿಸಿದರೆ ಭಾವನದು ಪಿಟೀಲಿಗಿಂತ ತುಸು ದೊಡ್ಡ ವಯೋಲಾ, ಅಕ್ಕನ ಗೆಳತಿಯದು ಅದೇ ಜಾತಿಯ, ಕಾಲ ನಡುವೆ ನಿಲ್ಲಿಸಿ ನುಡಿಸುವ ಎದೆಯೆತ್ತರದ ಚೆಲ್ಲೊ. ಈ ನಾಲ್ವರು ನುಡಿಸುತ್ತಿದ್ದುದು ಈಗಿನವರು ಬರೆದ ಹೊಸ ಸಂಗೀತವನ್ನು ಮಾತ್ರ. ಸಭಾಂಗಣಕ್ಕೆ ಜನ ಬರುವುದಿಲ್ಲವೆಂದು ಜನರಿದ್ದಲ್ಲಿಗೇ ಹೊರಟಿದ್ದರು. ಅಂದು ಮಧ್ಯಾಹ್ನ ಬಸ್ ಡಿಪೋದ ಕ್ಯಾಂಟೀನು.

ಬೇಕೆಂದೇ ತಂತಿಗಳನ್ನು ಕಿರುಗುಟ್ಟಿಸುವ ಭಾಗ ಬಂದಾಗ ಹಿರಿಯ ಮೆಕ್ಯಾನಿಕ್ ಒಬ್ಬರು ಊಟದ ಡಬ್ಬಿ ಬದಿಗಿಟ್ಟು ಎದ್ದರು.

“ಸ್ವಲ್ಪ ನಿಲ್ಸಿ. ಏನೋ ಸಡಿಲ ಆಗಿದೆ.”

“ಇಲ್ಲ ಅಣ್ಣಾ, ಅದನ್ನ ಬರೆದಿರೋದೇ ಹಾಗೆ,” ಎಂದ ತಮ್ಮ.

“ಕಿರುಗುಟ್ಟಿಸೋದು ಗೊತ್ತಾಯ್ತಪ್ಪ, ನಾಲ್ಕೂ ಜನ ಕಿರುಗುಟ್ಟಿಸ್ತಾ ಇದ್ದೀರಲ್ಲ. ಆದ್ರೆ ಆ ದೊಡ್ಡದು ಒಳಗೊಳಗೇ ಗರಗರ ಅಂತಿದೆ.”

ಗೆಳತಿ ಚೆಲ್ಲೊ ತಿರುಗಿಸಿ ನೋಡಿದಳು. ಮರದ ಹಲಗೆಯ ಅಂಚಿನಲ್ಲಿ ಎರಡು ಬೆರಳಿನಷ್ಟು ಉದ್ದಕ್ಕೆ ಅಂಟು ಬಿಟ್ಟಿತ್ತು. ತಮ್ಮ ಇಂಗು ತಿಂದ ಮಂಗನಂತಾದ.

“ಇವತ್ತಿಗೆ ಮುಗೀತು,” ಎಂದ ಭಾವ.

“ಯಾಕೆ? ನಾನು ಒತ್ತಿ ಹಿಡ್ಕೋತೀನಿ, ನೀವು ಬಾರ್ಸಿ.” ಮೆಕ್ಯಾನಿಕ್ ಕೈ ತೊಳೆದು ಬಂದು ಚೆಲ್ಲೊ ಪಕ್ಕ ಮಂಡಿಯೂರಿದರು.

ಗರಗರ ನಿಂತಿತು. ಕಿರುಗುಟ್ಟುವುದು ಮುಗಿದು ಚೆಲ್ಲೊದ ತಗ್ಗು ದನಿಯ ಉದ್ದ ಸ್ವರ ಶುರುವಾದಾಗ, ಮರದ ಮಿಡಿತ ಅವರ ಅಂಗೈಯಿಂದ ಮೊಣಕೈವರೆಗೂ ಹತ್ತಿತು. ಅವರು ಕಣ್ಣು ಮುಚ್ಚಿದರು. ಪಾಳಿಯ ಗಂಟೆ ಹೊಡೆದರೂ ಊಟಕ್ಕೆ ಕೂತಿದ್ದ ಕೆಲಸಗಾರರು ಯಾರೂ ಏಳಲಿಲ್ಲ.

ಮುಗಿದ ಮೇಲೆ ಅಕ್ಕ ಕೇಳಿದಳು, “ಹೇಗಿತ್ತು?”

“ಅರ್ಥ ಆಗ್ಲಿಲ್ಲಮ್ಮ,” ಎಂದರು ಅವರು, ಕೈ ತೆಗೆಯದೆ. “ಇನ್ನೊಂದ್ಸಲ ಬಾರ್ಸಿ.”