ಮಾತ್ರೆಯೊಳಗಿನ ಸ್ಪ್ರಿಂಗು

ಗಡಿಯಾರ ರಿಪೇರಿಯ ಮಾವ ಒಮ್ಮೆ ಸೂರ್ಯನನ್ನೇ ನಿಲ್ಲಿಸಿ, ಹಿಂಬದಿಯ ಮುಚ್ಚಳ ಬಿಚ್ಚಿ, ಎಣ್ಣೆ ಬಿಟ್ಟು ಮತ್ತೆ ಓಡಿಸಿದವರು. ಆ ದಿನ ಎರಡೆರಡು ಸಲ ಮಧ್ಯಾಹ್ನವಾಗಿ ಬೀದಿಯವರೆಲ್ಲ ಎರಡೆರಡು ಸಲ ಊಟ ಮಾಡಿದರಂತೆ. ಅಂಥವರ ಭುಜವನ್ನು ಆಸ್ಪತ್ರೆಯವರು ಕೊಯ್ದು ಹೊಲಿದು ಕಳಿಸಿದರೆ, ನೋವಿಗೆ ಹತ್ತಿರ ಸುಳಿಯುವ ಧೈರ್ಯ ಇರುತ್ತದೆಯೇ? "ಸೊಳ್ಳೆ ಕಚ್ಚಿದಷ್ಟೂ ಇಲ್ಲ" ಎಂದು ಬಂದವರಿಗೆಲ್ಲ ಸಾರುತ್ತ, ಒಂದು ಕೈಯನ್ನು ಕುತ್ತಿಗೆಯ ಪಟ್ಟಿಯಲ್ಲಿ ತೂಗುಹಾಕಿಕೊಂಡು ಮಾವ ಆಗಲೇ ಅಂಗಡಿಯ ಮೇಜಿಗೆ ಬಂದು ಕೂತಿದ್ದರು.

ಮುಂದೆ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಇಡಿಯಾಗಿ ನುಂಗಬೇಕು, ಪುಡಿ ಮಾಡಬಾರದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಬಿಚ್ಚಬಾರದು ಎಂದದ್ದನ್ನು ಬಿಚ್ಚುವುದೇ ಮಾವನ ಕಸುಬು! ಕಡಲೆಕಾಳಿನಷ್ಟಿರುವ ಇದು ಬೆಳಗಿನಿಂದ ರಾತ್ರಿವರೆಗೆ ಹೇಗೆ ಓಡುತ್ತದೆ? ಇದಕ್ಕೆ ಕೀ ಕೊಡುವವರು ಯಾರು?

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬ್ಲೇಡಿನಿಂದ ಸಿಪ್ಪೆ ಕೆರೆದರು. ಸ್ಪ್ರಿಂಗಿಲ್ಲ. ಎರಡು ತುಂಡು ಮಾಡಿದರು. ಹಲ್ಲಿನ ಚಕ್ರವಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಅರೆದೇ ಬಿಟ್ಟರು. ಬರೀ ಬಿಳಿ ಪುಡಿ. ಹೆಂಡತಿ ತಂದಿಟ್ಟಿದ್ದ ನೀರಿನ ಲೋಟಕ್ಕೆ ಅದನ್ನು ಸುರಿದು ಕಲಕುತ್ತಿದ್ದಾಗ ಔಷಧಿ ಅಂಗಡಿಯ ಹುಡುಗಿ ತನ್ನ ಗೋಡೆ ಗಡಿಯಾರ ಕೇಳಿಕೊಂಡು ಬಂದಳು.

"ಏನ್ ಮಾವ ಅದು, ಮಜ್ಜಿಗೆನಾ?"

"ಮಾತ್ರೆ ಕಣಮ್ಮಾ. ಬಿಚ್ಚಿ ನೋಡ್ದೆ. ಒಳಗೆ ಮೆಷೀನೇ ಇಲ್ಲ, ನಿಮ್ಮವರು ಮೋಸ ಮಾಡಿದಾರೆ."

ಹುಡುಗಿಯ ಕಣ್ಣು ಡಬ್ಬಿಯ ಮೇಲೆ ಬಿತ್ತು, ನಗು ಹಾರಿಹೋಯಿತು. "ಅಯ್ಯೋ! ಇದು ಅಫೀಮಿನ ಜಾತಿ ಮಾತ್ರೆ ಮಾವ. ಒಂದು ದಿನದ ಕೀ ಕೊಟ್ಟ ಗಡಿಯಾರದ ಸ್ಪ್ರಿಂಗು ಒಂದೇ ಏಟಿಗೆ ಬಿಚ್ಕೊಂಡ್ರೆ ಏನಾಗುತ್ತೆ?"

"ಚಕ್ರದ ಹಲ್ಲೆಲ್ಲ ಉದುರುತ್ತೆ."

"ಇಲ್ಲಿ ಉಸಿರು ನಿಧಾನ ಆಗಿ ನಿಂತೇ ಹೋಗುತ್ತೆ. ಸ್ವಲ್ಪಸ್ವಲ್ಪವೇ ಬಿಡೋ ಹಾಗೆ ಮಾಡಿರೋದನ್ನ ಪುಡಿ ಮಾಡಿದ್ರೆ ಅಷ್ಟೂ ಒಟ್ಟಿಗೇ ಒಳಗೆ ಹೋಗುತ್ತೆ. ಎಷ್ಟು ಕುಡಿದ್ರಿ?"

ಲೋಟ ಅರ್ಧ ಖಾಲಿಯಿತ್ತು. ಮಾವ ಎದೆಯುಬ್ಬಿಸಿದರು. "ಅರ್ಧ ಆಗ್ಲೇ ಒಳಗೆ! ಕಬ್ಬಿಣ ಅರಗಿಸೋ ಹೊಟ್ಟೆ ಇದು."

ಹುಡುಗಿ "ಅತ್ತೇ, ಬೇಗ ಬನ್ನಿ!" ಎಂದು ಕೂಗಿ, ಒಂದು ಕೈಯಲ್ಲಿ ಮಾವನ ಮಣಿಕಟ್ಟು ಹಿಡಿದು ಇನ್ನೊಂದರಲ್ಲಿ ಆಂಬುಲೆನ್ಸಿಗೆ ಫೋನ್ ಒತ್ತತೊಡಗಿದಳು. ಒಳಗಿನಿಂದ ಓಡಿಬಂದ ಹೆಂಡತಿ ಬಾಗಿಲಿನಲ್ಲೇ ಕುಸಿದು ಕೂತರು. ಸದಾ ಬೈಯುವ ಬಾಯಿ ಸುಮ್ಮನಾದದ್ದು ಕಂಡು ಮಾವನ ಎದೆಯ ಲೋಲಕ ತಪ್ಪಿತು.

"ನಿಲ್ಸಮ್ಮಾ... ತೊಟ್ಟೂ ಕುಡಿದಿಲ್ಲ."

"ಆಣೆ ಮಾಡಿ ಹೇಳಿ."

"ನಿನ್ನ ಅತ್ತೆ ಆಣೆ. ಅವಳನ್ನೇ ಕೇಳು, ತಂದಿದ್ದೇ ಅರ್ಧ ಲೋಟ."

ಹೆಂಡತಿ ಹೌದೆಂದು ತಲೆಯಾಡಿಸಿದರು. ಆದರೂ ಹುಡುಗಿ ಮಾವನ ಕಣ್ಣು ನೋಡಿದಳು, ಉಸಿರು ಗಮನಿಸಿದಳು, ಆಮೇಲೆ ಫೋನ್ ಕೆಳಗಿಟ್ಟು ಲೋಟವನ್ನು ತನ್ನತ್ತ ಎಳೆದುಕೊಂಡಳು. "ಇದನ್ನ ನಾನೇ ತಗೊಂಡು ಹೋಗ್ತೀನಿ. ಇದರ ಬದಲಿಗೆ ಇನ್ನೊಂದು ನೀವಾಗೇ ನುಂಗ್ಬೇಡಿ, ಡಾಕ್ಟರನ್ನ ಕೇಳೋಣ. ಅಲ್ಲಾ ಮಾವ, ಸ್ಪ್ರಿಂಗ್ ನೋಡೋಕೆ ಪುಡಿ ಮಾಡಿದ್ರಿ, ಸರಿ. ನೀರಿಗೆ ಯಾಕೆ ಹಾಕಿದ್ರಿ?"

ಮಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು.

"ಬೇಗ ಹತ್ತಲಿ ಅಂತ. ಸೊಳ್ಳೆ ಅಲ್ಲಮ್ಮಾ ಇದು, ಆನೆ ತುಳಿದ ಹಾಗಿದೆ. ಮಲಗೋಕೂ ಆಗ್ತಿಲ್ಲ."

"ಅದನ್ನ ಡಾಕ್ಟರಿಗೆ ಹೇಳೋದಲ್ವಾ!"

"ಸೂರ್ಯನ್ನೇ ರಿಪೇರಿ ಮಾಡಿದೋರಲ್ವಾ, ಹೇಗೆ ಹೇಳ್ತಾರೆ?" ಹೆಂಡತಿಗೆ ಬಾಯಿ ಮರಳಿತ್ತು.

"ಸೂರ್ಯ ಅಲ್ಲ ಕಣೇ," ಎಂದರು ಮಾವ, ನೆಲ ನೋಡುತ್ತ. "ಶಾಲೆಯ ಗೋಡೆ ಗಡಿಯಾರ. ಅದೂ ಇನ್ನೂ ಓಡ್ತಿಲ್ಲ. ಆ ಡಾಕ್ಟರ ನಂಬರ್ ಒತ್ತಿ ಕೊಡು."