ಅರ್ಧ ಬ್ಲೇಡು

ಮಸ್ಕಿಯ ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅಮರಗುಂಡಪ್ಪನಿಗೆ ಒಂದು ಚಾಳಿ ಇತ್ತು. ಯಾರು ಏನೇ ತೊಂದರೆ ಹೇಳಿಕೊಂಡು ಬರಲಿ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ನಾ ನೋಡ್ಕೊಂತೀನಿ ಬಿಡ್ರಿ" ಅಂದುಬಿಡುವುದು. ತಹಸೀಲು ಕಚೇರಿಯ ಕಾಗದವಿರಲಿ, ಬೀಗರ ಮುನಿಸಿರಲಿ, ಎಲ್ಲಕ್ಕೂ ಅದೇ ಮಾತು. ಬಹಳಷ್ಟು ಸಲ ನೋಡಿಕೊಂಡೂ ಇದ್ದ ಅನ್ನಿ, ಸುಳ್ಳು ಯಾಕೆ ಹೇಳಬೇಕು. ಆದರೆ ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ, ಹೆತ್ತ ಮಗಳ ಗದ್ದದ ಮುಂದೆ ಆ ಮಾತು ನಡೆಯಲಿಲ್ಲ.

ಮಗಳು ಅಂಬಮ್ಮ, ಹಿರಿಯವಳು, ಇಪ್ಪತ್ತೆರಡರ ಹುಡುಗಿ. ಹದಿನೇಳಕ್ಕೇ ಅವಳ ಗದ್ದದ ಮೇಲೆ ಕೂದಲು ಬರತೊಡಗಿದ್ದವು. ನವಿರು ರೋಮವಲ್ಲ, ಕಪ್ಪನೆಯ ಒರಟು ಕೂದಲು. ತಾಯಿ ಶಿವಬಸಮ್ಮ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿಣ ಕಲಸಿ ಹಚ್ಚಿ, ಒಣಗಿದ ಮೇಲೆ ಗಸಗಸ ತಿಕ್ಕಿದಳು. ಮುಖ ಹಳದಿಯಾಯಿತು, ಕೂದಲು ಕಪ್ಪಾಗಿಯೇ ಉಳಿದವು. ಸಂತೆಕಲ್ಲೂರಿನ ಯಾರೋ ಹೇಳಿದರೆಂದು ಸುಣ್ಣಕ್ಕೆ ಹರತಾಳದ ಹಳದಿ ಪುಡಿ ಸೇರಿಸಿ ಬಳಿದಳು. ಕೂದಲಿನ ಜೊತೆ ತೊಗಲೂ ಎದ್ದು ಬಂತು. ಪಾಪ, ಹುಡುಗಿ ಎರಡು ವಾರ ಮುಖ ಮುಚ್ಚಿಕೊಂಡು ಒಳಗೇ ಕೂತಳು. ತೊಗಲು ಮಾಯುವುದರೊಳಗೆ ಕೂದಲು ಮತ್ತೆ ಹಾಜರು!

ಇದೆಲ್ಲ ಹೆಂಗಸರ ಕೆಲಸವೆಂದು ಅಮರಗುಂಡಪ್ಪ ದೂರವೇ ಇದ್ದ. ಆಮೇಲೊಂದು ದಿನದಿಂದ ಮಗಳ ಗದ್ದ ತಾನಾಗಿಯೇ ನುಣ್ಣಗಾಯಿತು. ಕಡೆಗೂ ಅರಿಶಿಣ ಹಿಡಿಯಿತೆಂದು ಗಂಡ ಹೆಂಡತಿ ಮಲ್ಲಯ್ಯನ ಗುಡ್ಡ ಹತ್ತಿ ಕಾಯಿ ಒಡೆಸಿ ಬಂದರು. ಎರಡು ವರ್ಷ ಹಾಗೇ ನಡೆಯಿತು. ಹಟ್ಟಿಯಿಂದ ಸಂಬಂಧ ಬಂತು. ಹುಡುಗ ಪಂಪಣ್ಣ, ಅಲ್ಲಿನ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಹೆಣ್ಣು ನೋಡಲು ಬಂದ ಅವನ ತಾಯಿ ಬಸವಣ್ಣೆಮ್ಮ, ಅಂಬಮ್ಮನ ಗದ್ದ ಹಿಡಿದೆತ್ತಿ, "ಏನ್ ನುಣುಪು ಐತಬೇ, ಬೆಣ್ಣಿ ಮುಟ್ಟಿದಂಗ!" ಎಂದು ಲಟಲಟ ನೆಟಿಗೆ ಮುರಿದಳು. ವೈಶಾಖಕ್ಕೆ ಮದುವೆ ಗಟ್ಟಿಯಾಯಿತು.

ಅದಾಗಿ ವಾರವಾಗಿರಲಿಲ್ಲ. ಬಚ್ಚಲ ಗೋಡೆಯ ಗೂಡಿನಲ್ಲಿ ಸೀಗೆಪುಡಿಯ ಡಬ್ಬಿ ಹುಡುಕುತ್ತಿದ್ದ ಅಮರಗುಂಡಪ್ಪನ ಕೈಗೆ ಕಾಗದ ಸುತ್ತಿದ ಅರ್ಧ ಬ್ಲೇಡು ಸಿಕ್ಕಿತು. ಅವನೋ ಬಾಲಪ್ಪನ ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸುವ ಆಸಾಮಿ. ಮನೆಯಲ್ಲಿ ಇನ್ನೊಂದು ಗಂಡು ಜೀವವಿಲ್ಲ.

"ಇದು ಯಾರದಬೇ?"

"ನಂದ ಯಪ್ಪಾ," ಅಂದಳು ಅಂಬಮ್ಮ, ತಲೆ ಎತ್ತದೆ. "ಎರಡು ವರ್ಷ ಆತು."

"ಹೆಣ್ಣಾಗಿ ಗಡ್ಡ ಕೆರಕೊಂತೀ? ಕೆರದಷ್ಟೂ ದಪ್ಪ ಬರ್ತಾವ ಅಂಬೋದು ಗೊತ್ತಿಲ್ಲೇನು? ನಾಳೆ ಮೀಸಿನೂ ಬರ್ತಾವ!"

"ಏನೂ ಉರಿಯಂಗಿಲ್ಲ ಯಪ್ಪಾ ಇದ್ರಿಂದ. ಐದು ನಿಮಿಷದ ಕೆಲಸ. ಇರ್ಲಿ ಬಿಡು."

"ಸುಮ್ಕಿರು! ನಾ ನೋಡ್ಕೊಂತೀನಿ."

ಹಿತ್ತಲಿಗೆ ಹೋಗಿ ಬ್ಲೇಡನ್ನು ಹಾಳುಬಾವಿಗೆ ಎಸೆದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಹೆದರಿಕೆಯಾಗಿತ್ತು. ಬೀಗರ ಕಿವಿಗೆ ಬಿದ್ದರೆ ಮದುವೆ ನಿಂತಂತೆಯೇ. ಒಂದು ಸಲ ನಿಂತ ಮದುವೆ, ಯಾಕೆ ನಿಂತಿತು ಅನ್ನುವ ಮಾತಿನ ಸಮೇತ ಸಿಂಧನೂರು, ಲಿಂಗಸುಗೂರು ಎಲ್ಲ ಸುತ್ತಿ ಬರುತ್ತದೆ. ಆಮೇಲೆ ಆ ಹುಡುಗಿಯನ್ನು ಯಾರು ಕೇಳುತ್ತಾರೆ?

ಮರುದಿನವೇ ಲಿಂಗಸುಗೂರಿನ ಒಬ್ಬ ಡಾಕ್ಟರ ಹತ್ತಿರ ಹೋದ. ಹೈದರಾಬಾದಿಗೆ ಹೊಸ ಮಿಷನ್ ಬಂದಿದೆ, ಲೇಸರ್ ಅಂತ, ಬೆಳಕಿನಿಂದಲೇ ಕೂದಲಿನ ಬೇರು ಸುಡುತ್ತಾರೆ ಎಂದು ಅವರು ಹೇಳಿ ಚೀಟಿ ಬರೆದುಕೊಟ್ಟರು. ಅಮರಗುಂಡಪ್ಪ ರಾಜ್ಯ ಗೆದ್ದವನ ಹಾಗೆ ಮನೆಗೆ ಬಂದ. "ಬ್ಲೇಡಿಲ್ಲ, ಸುಣ್ಣಿಲ್ಲ! ಬ್ಯಾಟ್ರಿ ಬಿಟ್ಟಂಗ ಬಿಡ್ತಾರಂತ, ಮುಗೀತಂತ!" ಅಲ್ಲಿ ದಿನ ಸಿಕ್ಕಿದ್ದು ಮಾತ್ರ ಮದುವೆಗೆ ಬರೀ ಇಪ್ಪತ್ತು ದಿನ ಮೊದಲು.

ಅಷ್ಟರಲ್ಲಿ ಬ್ಲೇಡಿಲ್ಲದ ಗದ್ದ ತುಂಬಿಕೊಂಡಿತ್ತು. ಇಂಥ ಮುಖ ಹೊತ್ತು ಬಸ್ಸು ಹತ್ತುವುದು ಹೇಗೆ? ಸಿಂಧನೂರಿನ ಬಸ್‌ಸ್ಟ್ಯಾಂಡೆಂದರೆ ಅರ್ಧ ಬಳಗವೇ ಅಲ್ಲಿರುತ್ತದೆ. ಬೀಗರ ಪೈಕಿಯವರು ಯಾರಾದರೂ ಕಂಡರೆ? ಅದೂ ಅಲ್ಲದೆ, ದೊಡ್ಡ ಊರಿನ ಡಾಕ್ಟರ ಮುಂದೆ ಮಗಳನ್ನು ಹೀಗೆ ಕೂರಿಸಲು ಅವನಿಗೆ ಮನಸ್ಸು ಬರಲಿಲ್ಲ. ಮಡಿ ಅರಿವೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೋಗುವ ಮಂದಿ ನಾವು, ಗದ್ದ ಹೊಲಸು ಇಟ್ಟುಕೊಂಡು ಹೋಗಲಾದೀತೇ? ಹಿಂದಿನ ಓಣಿಯ ಚಾಂದ್‌ಬೀಯನ್ನು ಕರೆಸಿದ. ಮದುಮಕ್ಕಳನ್ನು ಸಿಂಗರಿಸುವುದರಲ್ಲಿ ಅವಳದು ಪಳಗಿದ ಕೈ. ಸಕ್ಕರೆಗೆ ಲಿಂಬೆರಸ ಹಿಂಡಿ ಅಂಟುಪಾಕ ಕಾಯಿಸಿ, ಗದ್ದಕ್ಕೆ ಮೆತ್ತಿ, ಬಟ್ಟೆಯ ಪಟ್ಟಿ ಒತ್ತಿ ಸರ್ರನೆ ಕಿತ್ತಳು. ಉಳಿದವನ್ನು ಹಲ್ಲಲ್ಲಿ ದಾರ ಕಚ್ಚಿ ಒಂದೊಂದಾಗಿ ಎಳೆದಳು. ಒಳಗೆ ಅಂಬಮ್ಮ ಬಿಕ್ಕುತ್ತಿದ್ದರೆ ಬಾಗಿಲಾಚೆಯಿಂದ ಅಮರಗುಂಡಪ್ಪನದೇ ಜೋರು: "ಒಂದೂ ಬಿಡಬ್ಯಾಡವ್ವಾ, ಬೇರ ಸಮೇತ ಕೀಳು!"

"ಬೇರ ಸಮೇತನ ಬಂದಾವ ಅಣ್ಣಾರ, ಫಿಕರ್ ಮಾಡಬ್ಯಾಡ್ರಿ," ಅಂದಳು ಚಾಂದ್‌ಬೀ.

ಹೈದರಾಬಾದಿನ ಡಾಕ್ಟರಮ್ಮ ಅಂಬಮ್ಮನ ಗದ್ದಕ್ಕೆ ದೀಪ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಉರ್ದುವಿನಲ್ಲಿ ಕೇಳಿದರು, ಕೂದಲೆಲ್ಲಿ ಎಂದು. ಅರಿವೆ ವ್ಯಾಪಾರದಲ್ಲಿ ಉರ್ದು ಕಲಿತಿದ್ದ ಅಮರಗುಂಡಪ್ಪ ಹೆಮ್ಮೆಯಿಂದಲೇ ಉತ್ತರ ಕೊಟ್ಟ, ಎಲ್ಲ ಕೀಳಿಸಿಕೊಂಡೇ ಬಂದಿದ್ದೇವೆ ಎಂದು. ಡಾಕ್ಟರಮ್ಮ ದೀಪ ಆರಿಸಿಬಿಟ್ಟರು.

ಆಮೇಲೆ ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಈ ಬೆಳಕು ಕಪ್ಪನ್ನು ಹುಡುಕುತ್ತದೆ. ಕೂದಲಿನ ಕಪ್ಪು ಹಿಡಿದುಕೊಂಡೇ ಅದು ಬೇರಿನತನಕ ಇಳಿಯಬೇಕು. ದಾರದಿಂದ, ಪಾಕದಿಂದ ಬೇರು ಕಿತ್ತು ಬಂದ ಮೇಲೆ ಅದು ಸುಡುವುದೇನನ್ನು? ಒಂದೂವರೆ ತಿಂಗಳು ಕೀಳದೆ ಬಿಟ್ಟು ಕರೆದುಕೊಂಡು ಬನ್ನಿ. ಅದೂ ಒಂದೇ ಸಲಕ್ಕೆ ಆಗುವುದಲ್ಲ, ಆರೇಳು ಸಲ ಬರಬೇಕು. ಅಷ್ಟಾದರೂ ಪೂರ್ತಿ ಹೋಗುತ್ತವೆಂದು ಮಾತು ಕೊಡಲಾರೆ. ಕಡೆಗೆ ಇನ್ನೊಂದು ಮಾತು ಅಂದರು. ಬ್ಲೇಡಾದರೆ ಪರವಾಗಿಲ್ಲ, ಅದು ಮೇಲಿನದನ್ನಷ್ಟೇ ಕತ್ತರಿಸುತ್ತದೆ, ಬೇರು ಹಾಗೇ ಇರುತ್ತದೆ. ಬ್ಲೇಡಿನಿಂದ ದಪ್ಪ ಬರುತ್ತವೆ ಅನ್ನುವುದೂ ಸುಳ್ಳು. ಬ್ಲೇಡು ಹಾಕಿಕೊಂಡು ಬಂದಿದ್ದರೆ ಇವತ್ತೇ ಶುರು ಮಾಡುತ್ತಿದ್ದೆ.

"ಏನಂದ್ರು ಯಪ್ಪಾ?" ಅಂಬಮ್ಮನಿಗೆ ಉರ್ದು ಬಾರದು.

ಅವನು ಎಲ್ಲ ಹೇಳಿದ. ಬ್ಲೇಡಿನ ಮಾತೊಂದನ್ನು ನುಂಗಿಕೊಂಡ. ಬಸ್ಸಿನಲ್ಲಿ ಮಗಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು.

ಮದುವೆ ಮುಂದಕ್ಕೆ ಹಾಕೋಣವೆಂದರೆ ವೈಶಾಖ ಕಳೆಯುತ್ತಲೂ ಅಧಿಕ ಮಾಸ. ಅದರ ಬೆನ್ನಿಗೆ ಜ್ಯೇಷ್ಠ, ಹಿರಿಮಗಳ ಮದುವೆ ಆಗ ಮಾಡುವಂತಿಲ್ಲ. ಆಮೇಲೆ ಆಷಾಢ. ಬೀಗರಿಗೆ ಕಾರಣ ಏನಂತ ಹೇಳುವುದು? ಇತ್ತ ಪಾಕ ಕಿತ್ತ ಜಾಗದಲ್ಲೆಲ್ಲ ಕೆಂಪು ಗುಳ್ಳೆ ಎದ್ದವು, ಗುಳ್ಳೆಗಳ ನಡುವೆ ಕೂದಲು ಇಣುಕಿದವು. ಇನ್ನು ನಾಲ್ಕು ದಿನಕ್ಕೆ ಅರಿಶಿಣ ಹಚ್ಚುವ ಶಾಸ್ತ್ರ. ಐದು ಜನ ಮುತ್ತೈದೆಯರು ಗಲ್ಲ, ಗದ್ದಕ್ಕೆ ಕೈಯಾರೆ ಸವರುತ್ತಾರೆ. ಮತ್ತೆ ಬಂದು ನೋಡಿದ ಚಾಂದ್‌ಬೀ ದಾರ ಕೆಳಗಿಟ್ಟಳು. "ಈಗ ಎಳೆದ್ರ ರಕ್ತ ಬರ್ತೈತಿ ಅಣ್ಣಾರ. ನನ್ನ ಕೈಲಿ ಆಗಂಗಿಲ್ಲ."

ಅಮರಗುಂಡಪ್ಪ ಬಾಲಪ್ಪನ ಅಂಗಡಿಗೆ ಹೋಗಿ ಒಂದು ರೇಜರು, ಬ್ಲೇಡಿನ ಪಾಕೀಟು ಬೇಕೆಂದ. "ಯಾಕ್ರಿ ಸಾವ್ಕಾರ್ರ, ನನ್ನ ಕೈ ಬ್ಯಾಸರಾತೇನು?" ಎಂದು ಬಾಲಪ್ಪ ನಕ್ಕ. "ಹೂಂ," ಅಂದು ರೊಕ್ಕ ಎಣಿಸಿಕೊಟ್ಟ.

ಮನೆಗೆ ಬಂದು ಮಗಳ ಮುಂದೆ ಇಟ್ಟ. "ತಗೋ ಯವ್ವಾ."

"ಬಾವಿಗೆ ಒಗದಿದ್ದಿಯಲ್ಲ ಯಪ್ಪಾ?"

"ಒಗದಿದ್ದೆ. ಡಾಕ್ಟರಮ್ಮ ಬ್ಲೇಡ್ ನಡೀತಿತ್ತು ಅಂದ್ಲು ಯವ್ವಾ. ನೀ ಮಾಡ್ಕೊಂತಿದ್ದದ್ದ ಖರೆ ಇತ್ತು. ನಾ ಸುಮ್ನಿದ್ದಿದ್ರ ಅವತ್ತ ಶುರು ಆಕ್ಕಿತ್ತು. ನಿನಗ ಹೇಳಾಕ ಬಾಯಿ ಬರ್ಲಿಲ್ಲ."

ಅಂಬಮ್ಮ ರೇಜರಿಗೆ ಬ್ಲೇಡು ಸಿಕ್ಕಿಸಿದಳು. ಬೈದಿದ್ದರೆ, ಅತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಕನ್ನಡಿ ಹಿಡಿ," ಅಂದಳು.

ಹಿಡಿದ. ಅವಳು ಸೋಪು ನೊರೆ ಮಾಡಿ ಗುಳ್ಳೆ ತಪ್ಪಿಸಿ ತಪ್ಪಿಸಿ ಬ್ಲೇಡು ಎಳೆಯುತ್ತಿದ್ದರೆ ಇವನು ಹಿಡಿದ ಕನ್ನಡಿಯಲ್ಲಿ ಅವಳ ಮುಖ ಅಲ್ಲಾಡುತ್ತಿತ್ತು. "ಗಟ್ಟಿ ಹಿಡಿ ಯಪ್ಪಾ," ಅಂದಳು ಒಮ್ಮೆ. ಅಂದಿನಿಂದ ದಿನಾ ಹೊತ್ತು ಹುಟ್ಟುವ ಮೊದಲು ಹಿತ್ತಲಲ್ಲಿ ಅಪ್ಪ ಮಗಳ ಇದೇ ಕೆಲಸ.

ಅರಿಶಿಣವಾಯಿತು. ಗುಳ್ಳೆಗಳನ್ನು ಬಿಸಿಲಿನ ಬೊಕ್ಕೆ ಎಂದು ಶಿವಬಸಮ್ಮ ನಂಬಿಸಿದಳು. ಅಕ್ಷತೆ ಬಿತ್ತು. ಬಸವಣ್ಣೆಮ್ಮ ಮತ್ತೊಮ್ಮೆ ಸೊಸೆಯ ಗದ್ದ ಹಿಡಿದು ನೋಡಿದಳು. ಅವಳಿಗೇನೂ ಗೊತ್ತಾಗಲಿಲ್ಲ.

ಹಟ್ಟಿಗೆ ಕಳಿಸುವ ದಿನ ಬೆಳಗಾಗುವಾಗ ಅಂಬಮ್ಮ ಅಪ್ಪನನ್ನು ಹಿತ್ತಲಿಗೆ ಕರೆದಳು. ಹಸಿರು ಬಳೆಯ ಕೈಯಲ್ಲಿ ಕೊನೆಯ ಸಲ ಬ್ಲೇಡು ಎಳೆದುಕೊಂಡು, ಗದ್ದ ಒರೆಸಿಕೊಳ್ಳುತ್ತ ಕೇಳಿದಳು:

"ಯಪ್ಪಾ, ಅಲ್ಲಿ ಎರಡ ಖೋಲಿ, ಆರು ಮಂದಿ. ಬಚ್ಚಲಕ್ಕ ಬಾಗ್ಲ ಇಲ್ಲಂತ, ಪರದೆ ಐತಂತ. ಅವ್ರು ರಾತ್ರಿ ಪಾಳಿ ಮುಗಿಸಿ ನಸುಕಿನ್ಯಾಗನ ಬರ್ತಾರಂತ. ನಾ ಎಲ್ಲಿ ಕುಂತು ಕೆರಕೊಳ್ಳಲಿ?"

ಅಮರಗುಂಡಪ್ಪ ಬಾಯಿ ತೆರೆದ. "ನಾ..." ಅಂದ. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ.

ಅಂಬಮ್ಮ ಅವನ ಕೈಯಿಂದ ಕನ್ನಡಿಯನ್ನೂ ಬಿಡಿಸಿಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. "ಇದನ್ನೂ ಒಯ್ತೀನಿ. ಅಲ್ಲಿ ಹಿಡಿಯೋರು ಯಾರೂ ಇಲ್ಲಲ್ಲ, ನಾನ ಹಿಡ್ಕೊಂತೀನಿ," ಅಂದು, ಬಾಗಿ ಅವನ ಕಾಲಿಗೆ ನಮಸ್ಕಾರ ಮಾಡಿದಳು.