ವಾಸ್ಕೋದಿಂದ ಬಂದ ಉತ್ತರ

ಯಾವಗಲ್ ಊರಿನ ಟ್ರ್ಯಾಕ್ಟರ್ ಡ್ರೈವರ್ ನೀಲಪ್ಪನ ತಂಗಿ ಸಣ್ಣವ್ವ ಅಪ್ಪನ ಮಾತು ಮೀರಿ ನರಗುಂದದ ಮನೆ ಕಟ್ಟುವ ಗೌಂಡಿಯೊಬ್ಬನನ್ನು ಕಟ್ಟಿಕೊಂಡು ಗೋವಾ ಸೇರಿದ್ದಳು. ಅಪ್ಪ ಬದುಕಿರುವತನಕ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಅವನು ತೀರಿಕೊಂಡ ಮೇಲೆ ನೀಲಪ್ಪ ಹುಡುಕಿದ. ರೋಣದ ಠಾಣೆಯಲ್ಲಿ ಫೋಟೊ ಕೊಟ್ಟ, ಮಡಗಾವಿಗೆ ಹೋಗಿ ಕಟ್ಟಡ ಏಳುವಲ್ಲೆಲ್ಲ ವಿಚಾರಿಸಿದ. ಊರಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ. ನಾಚಿಕೆ.

ಈಗ ಮಗಳು ಯಶೋಧರಾಳ ಮದುವೆ. ಬಳೆ ಇಡಲು ಗಜೇಂದ್ರಗಡದ ಬಳೆಗಾರ್ತಿ ಜಮಾಲಬಿ ಬಂದಿದ್ದಳು.

"ಸೋದರತ್ತಿ ಎಲ್ಲೆದಾಳ? ಕರೀರಿ, ಬಾಜೂಕ ಕೂಡ್ಲಿ."

ನೀಲಪ್ಪ ತಲೆ ತಗ್ಗಿಸಿ ಎಲ್ಲ ಹೇಳಿದ.

"ಗೋವಾದಾಗ? ನನ್ನ ತಂಗಿ ಮಗಳು ಇಷ್ರತ ವಾಸ್ಕೋದಾಗ ಬಟ್ಟಿ ಹೊಲೀತಾಳ. ಕೇಳೂನು ತಡೀರಿ," ಎಂದು ಜಮಾಲಬಿ ಫೋನು ಹಚ್ಚಿದಳು.

ಗೋವಾ ಏನು ನಮ್ಮ ಓಣಿಯೇ ಎಂದುಕೊಂಡ ನೀಲಪ್ಪ. ಆದರೆ ಇಷ್ರತಳ ಅಂಗಡಿಯ ಪಕ್ಕದಲ್ಲೇ ನರಗುಂದದ ಹೊನ್ನವ್ವನ ಖಾನಾವಳಿ ಇತ್ತು. ಅಲ್ಲಿ ದಿನಾ ರೊಟ್ಟಿ ಬಡಿಯುವವಳೇ ಸಣ್ಣವ್ವ. ಜಮಾಲಬಿ ಬಳೆ ಬಿಚ್ಚಿಡುವ ಹೊತ್ತಿಗೆ ಅವಳ ಫೋನಿಗೆ ಹೊನ್ನವ್ವನ ಕರೆ ಬಂತು. ಅಣ್ಣ ತಂಗಿಯ ನಡುವೆ ಇದ್ದದ್ದು ಮೂರೇ ಹೆಂಗಸರು. ಅವರಲ್ಲೊಬ್ಬಳು ಶ್ರಾವಣ ಬಂದಾಗಲೆಲ್ಲ ಬಳೆ ಹೊತ್ತು ಬಂದು ಇದೇ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದವಳು. ನೀಲಪ್ಪ ಫೋನು ಇಸಿದುಕೊಂಡ.

"ಅಣ್ಣಾರ, ಸಣ್ಣಕ್ಕ ಇಲ್ಲೇ ಅದಾಳ್ರಿ. ಮಾತಾಡಂಗಿಲ್ಲಂತ."

"ಅಪ್ಪ ಹ್ವಾದ ಅಂತ ಹೇಳ್ರಿ ಅಕಿಗೆ."

"ಗೊತ್ತೈತ್ರಿ. ಮಣ್ಣಾದ ದಿನಾನ ಗೊತ್ತಾತು, ಭಾಳ ಅತ್ತಳು. ನಿಮ್ಮ ಮಗಳ ಲಗ್ನಾನೂ ಗೊತ್ತೈತಿ. ನಮ್ಮ ಕಡಿ ಮಂದಿ ಬಂದು ಹೋಗಿ ಮಾಡ್ತಾರಲ್ರಿ, ನಿಮ್ಮ ಸುದ್ದಿ ಎಲ್ಲಾ ಬರತಾವ. ಅಣ್ಣ ಊರಾಗ ಯಾರ ಮುಂದರ ನನ್ನ ಹೆಸರ ಹೇಳಿದ್ರ ನನಗ ಮುಟ್ಟತಿತ್ತು ಅಂತ ದಾರಿ ನೋಡಿದ್ಲು. ಈಗ ಬ್ಯಾಡಂತಾಳ."

ಫೋನಿನ ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಸಣ್ಣೀ," ಎಂದು ನೀಲಪ್ಪ ಫೋನಿನಲ್ಲೇ ಕೂಗಿದ. "ನಾನವಾ, ನಿಮ್ಮಣ್ಣ."

ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಗಿರಾಕಿ ಬಂದಾರ್ರಿ," ಎಂದು ಹೊನ್ನವ್ವ ಮೆಲ್ಲಗೆ ಫೋನಿಟ್ಟಳು.

ಯಶೋಧರಾ ಕೈ ಚಾಚಿಕೊಂಡೇ ಅಪ್ಪನ ಮುಖ ನೋಡುತ್ತಿದ್ದಳು.

"ಬಳಿ ಇಡ್ರಿ ಅಕ್ಕಾರ," ಎಂದ ನೀಲಪ್ಪ ಜಮಾಲಬಿಗೆ. "ಯಾರೂ ಬರೋರಿಲ್ಲ."